ಹದಿನಾಲ್ಕನೆಯ ಪ್ರಶ್ನೆಯ ನಾಯಿ

೧

ಹೇಗೆ ಶುರು ಮಾಡಲಿ?

ಸಾಕುಪ್ರಾಣಿಗಳ ಮಾಸಪತ್ರಿಕೆಯೊಂದರ ಸಂಪಾದಕರು ನನ್ನಿಂದ ಕೇಳಿದ್ದು ಕಥೆಯನ್ನಲ್ಲ. "ಜವಾಬ್ದಾರಿ ಇರೋ ಬ್ರೀಡರ್ ಹತ್ರ ನಾಯಿಮರಿ ತಗೊಳ್ಳೋಕೆ ಹೋದ್ರೆ ಏನೇನು ನಿರೀಕ್ಷಿಸಬೇಕು, ಹತ್ತು ಅಂಶ, ಎಂಟುನೂರು ಪದ, ಅಂಕಿ ಹಾಕಿ ಕೊಡಿ ಸರ್," ಎಂದಿದ್ದರು. ಫೋನ್ ಇಡುವ ಮುಂಚೆ "ಈ ಸಲ ದಯವಿಟ್ಟು ಕಥೆ ಬೇಡ" ಎಂದೂ ಸೇರಿಸಿದರು. ಹೋದ ಸಲ ಬೆಕ್ಕಿಗೆ ಜಂತುಹುಳದ ಔಷಧಿ ಕುಡಿಸುವ ವಿಧಾನ ಕೇಳಿದ್ದಕ್ಕೆ ನಾನು ಜಂತುಹುಳದ ಆತ್ಮಕಥೆ ಬರೆದುಕೊಟ್ಟಿದ್ದೆ. ಅವರು ಅದನ್ನಿನ್ನೂ ಮರೆತಿಲ್ಲ.

ಹಾಗಾಗಿ ಈ ಬರಹ ಅಂಕಿಗಳಲ್ಲಿದೆ. ಅಂಕಿ ಕಂಡ ಕೂಡಲೇ ಓದುವವರಿಗೆ ಒಂದು ಧೈರ್ಯ, ಬರೆದವನಿಗೆ ಎಲ್ಲ ಗೊತ್ತಿದೆ ಎಂದು. ನನ್ನ ಹೊಟ್ಟೆಪಾಡೇ ಅದು. ಮಿಕ್ಸರ್, ಗೀಸರ್, ಇಸ್ತ್ರಿಪೆಟ್ಟಿಗೆಗಳ ಡಬ್ಬದೊಳಗೆ ಬರುವ, ಯಾರೂ ಬಿಡಿಸಿ ಕೂಡ ನೋಡದ ಪುಸ್ತಿಕೆಗಳನ್ನು ಬರೆಯುತ್ತೇನೆ. ಉಳಿದ ಹೊತ್ತಿನಲ್ಲಿ ಕಥೆಗಾರ. ಅವನ್ನೂ ಯಾರೂ ಬಿಡಿಸಿ ನೋಡುವುದಿಲ್ಲ.

ಮೊದಲ ಯತ್ನ: "ನಾಯಿ ಮನುಷ್ಯನ ಪರಮಮಿತ್ರ." (ಹೊಡೆದುಹಾಕಿದೆ. ಈ ವಿಚಾರದಲ್ಲಿ ನಾಯಿಯ ಅಭಿಪ್ರಾಯವನ್ನು ಯಾರೂ ಕೇಳಿದಂತಿಲ್ಲ.)

ಎರಡನೇ ಯತ್ನ: "ಆ ಭಾನುವಾರ ನಾವು ಮೂವರೂ ಬ್ರೀಡರ್ ಮನೆಯ ಗೇಟಿನ ಮುಂದೆ ನಿಂತಾಗ ಎಳೆಬಿಸಿಲು..."

"ಶನಿವಾರ," ಎಂದಳು ಹೆಂಡತಿ. ಬೆನ್ನ ಹಿಂದೆ ನಿಂತು ಓದುತ್ತಿದ್ದಳು. "ಬಿಸಿಲೂ ಇರ್ಲಿಲ್ಲ. ಮೂವರೂ ಅಲ್ಲ ರೀ, ನೀವಿಬ್ರೇ ಹೋಗಿದ್ದು. ನಾನು ಲ್ಯಾಬಲ್ಲಿದ್ದೆ."

ಅವಳು ಹಲ್ಲಿನ ಲ್ಯಾಬಿನಲ್ಲಿ ಹಲ್ಲಿನ ಸೆಟ್ಟು ತಯಾರಿಸುತ್ತಾಳೆ. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಕಚ್ಚಿದಾಗ ಗೊತ್ತಾಗುತ್ತದೆ ಎನ್ನುವ ಪಂಗಡ. "ನಾನೂ ಇಲ್ಲದ್ದನ್ನ ಇದೆ ಅಂತ ತೋರ್ಸೋಳೇ," ಎಂದು ಆಗಾಗ ನನಗೆ ಚುಚ್ಚುತ್ತಾಳೆ. "ಆದ್ರೆ ನಾನು ಮಾಡಿದ್ರಲ್ಲಿ ಜನ ಊಟ ಮಾಡ್ತಾರೆ."

ಅವಳನ್ನು ಈ ಕಥೆಯಿಂದ ಹೊರಗಿಡಬೇಕೆಂದಿದ್ದೆ. ಮೊದಲ ಪುಟದಲ್ಲೇ ನುಗ್ಗಿದಳು.

೨

ನಿರೀಕ್ಷಿಸಬೇಕಾದ ಮೊದಲ ಸಂಗತಿ (ಅಂಕಿ ಎರಡಾಗಿದೆ, ಸ್ವಲ್ಪ ಅಡ್ಜಸ್ಟ್ ಮಾಡಿಕೊಳ್ಳಿ): ಮರಿಯನ್ನು ಪರೀಕ್ಷಿಸಲು ಹೊರಟಿದ್ದೇನೆ ಎಂದು ನೀವು ತಿಳಿದಿರುತ್ತೀರಿ. ಪರೀಕ್ಷೆ ನಿಮಗೆ.

ನಾನು ಬ್ರೀಡರ್ ಮೇಡಂಗೆ ಫೋನ್ ಮಾಡಿ "ಮರಿ ಇದ್ಯಾ?" ಎಂದು ಕೇಳಿದೆ. "ನಿಮ್ಮ ಹತ್ರ ಸಮಯ ಇದ್ಯಾ?" ಎಂದರು. ನಾಳೆಯೇ ಬಂದು ಒಯ್ಯುತ್ತೇನೆ ಎಂದೆ. ಆ ಕಡೆಯಿಂದ ನಗು ಕೇಳಿಸಿತು. ಮರಿಗಳು ಇನ್ನೂ ಹುಟ್ಟಿರಲೇ ಇಲ್ಲ. ಅವು ಹುಟ್ಟಬೇಕು, ಎಂಟು ವಾರ ತಾಯಿಯ ಮಗ್ಗುಲಲ್ಲಿರಬೇಕು, ಅಷ್ಟರೊಳಗೆ ನೀವು ಪಾಸಾಗಬೇಕು.

ಮರುದಿನವೇ ಅರ್ಜಿ ಬಂತು. ಮೂವತ್ತೊಂದು ಪ್ರಶ್ನೆ. ಮಗಳನ್ನು ಕೊಡುವ ಮುಂಚೆ ನನ್ನ ಮಾವ ನನ್ನನ್ನು ಕೇಳಿದ್ದು ಎರಡೇ ಪ್ರಶ್ನೆ, ಅದರಲ್ಲೂ ಒಂದು "ಬಸ್ಸು ಸಿಕ್ತಾ?" ಎಂದು. ಇಲ್ಲಿ ನೋಡಿದರೆ ಬಾಲ್ಕನಿಯ ಕಂಬಿಗಳ ನಡುವೆ ಎಷ್ಟು ಬೆರಳು ಹೋಗುತ್ತದೆ, ಮನೆಯಲ್ಲಿ ಕೂಗಾಡುವವರು ಯಾರು, ನಿಮಗೆ ಹುಷಾರಿಲ್ಲದ ದಿನ ಮರಿಯನ್ನು ಹೊರಗೆ ಕರೆದೊಯ್ಯುವವರು ಯಾರು, ಎಲ್ಲ ಬೇಕು.

ಒಂಬತ್ತನೆಯ ಪ್ರಶ್ನೆ: ನಿಮ್ಮ ಮನೆಯ ಒಂದು ದಿನವನ್ನು ವಿವರಿಸಿ. ಇಂಥ ಪ್ರಶ್ನೆಯನ್ನು ಕಥೆಗಾರನ ಕೈಗೆ ಕೊಡಬಾರದು. ಎರಡು ಹಾಳೆ ಹೆಚ್ಚುವರಿಯಾಗಿ ಲಗತ್ತಿಸಿದೆ. ಅದರಲ್ಲಿ ನಾನು ಬೆಳಗ್ಗೆ ಐದಕ್ಕೇ ಎದ್ದು ಓಡುತ್ತೇನೆ, ಇಡೀ ಕುಟುಂಬ ಒಟ್ಟಿಗೆ ಕೂತು ನಗುನಗುತ್ತಾ ತಿಂಡಿ ತಿನ್ನುತ್ತದೆ, ಸಂಜೆ ನಾನು ಹಾಡುತ್ತೇನೆ.

ಹದಿನಾಲ್ಕನೆಯ ಪ್ರಶ್ನೆ: ಹಿಂದೆ ಯಾವಾಗಲಾದರೂ ನಾಯಿ ಸಾಕಿದ್ದಿರಾ? ಅದು ಈಗ ಎಲ್ಲಿದೆ?

"ಇಲ್ಲ" ಎಂದು ಬರೆದೆ. ನಾನು ಬರೆದ ಅತಿ ಸಣ್ಣ ಕಥೆ ಅದು.

(ನಿಮ್ಮಲ್ಲಿ ಕೆಲವರ ಕಿವಿ ಈಗ ನೆಟ್ಟಗಾಗಿರಬಹುದು. ಇರಲಿ. ಮೊದಲು ಮರಿ ನೋಡೋಣ ಬನ್ನಿ, ಅದಕ್ಕೇ ತಾನೇ ನೀವು ಓದುತ್ತಿರುವುದು.)

೩

ಜವಾಬ್ದಾರಿ ಇರುವ ಬ್ರೀಡರ್ ಮನೆ ಹೇಗಿರುತ್ತದೆ? ಅಂಗಡಿಯ ಹಾಗೆ ಇರುವುದಿಲ್ಲ, ಹೆರಿಗೆ ವಾರ್ಡಿನ ಹಾಗೆ ಇರುತ್ತದೆ. ಮರಿಗಳಿಗೆ ಆರು ವಾರವಾದ ಮೇಲೆ ನಮ್ಮನ್ನು ಕರೆದರು. ಬಾಗಿಲಲ್ಲಿ ಚಪ್ಪಲಿ ಬಿಡಿಸಿದರು. ಔಷಧಿ ಬೆರೆಸಿದ ನೀರಿನ ತಟ್ಟೆಯಲ್ಲಿ ಕಾಲು ಅದ್ದಿಸಿದರು. ಸಾಬೂನು ಹಾಕಿ ಮೊಣಕೈವರೆಗೆ ತೊಳೆಸಿದರು. ನನ್ನ ಹತ್ತು ವರ್ಷದ ಮಗಳು ಇದೆಲ್ಲವನ್ನೂ ಪರಮಸಂತೋಷದಿಂದ ಮಾಡಿದಳು. ಇದೇ ಹುಡುಗಿಗೆ ಮನೆಯಲ್ಲಿ ಕೈ ತೊಳೆಸಲು ಮೂರು ಸಲ ಕೂಗಬೇಕು.

ಮೇಡಂ ಎತ್ತರದ ಹೆಂಗಸು, ಐವತ್ತೈದರ ಆಸುಪಾಸು, ಏಪ್ರನ್ನಿನ ಜೇಬಿನಲ್ಲಿ ಪೆನ್ಸಿಲ್, ಥರ್ಮಾಮೀಟರ್. "ಕೂತ್ಕೊ," ಎಂದರು. ನಾನು ಕೂತೆ. ಅವರು ಹೇಳಿದ್ದು ಮರಿಗಳ ತಾಯಿಗೆ.

ಗೋಡೆಗೆ ಒಂದು ಹಾಳೆ ಅಂಟಿಸಿತ್ತು: ಏಳು ಮರಿಗಳ ಪ್ರತಿದಿನದ ತೂಕ. ಕತ್ತಿನ ದಾರದ ಬಣ್ಣವೇ ಅವಕ್ಕೆ ಸದ್ಯದ ಹೆಸರು. ತಾಯಿನಾಯಿಯ ಸೊಂಟದ ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಕೀಲು ಹೇಗೆ ಭದ್ರವಾಗಿ ಕೂತಿದೆ ಎಂದು ತೋರಿಸಿದರು. ನಾನು ತಿಳಿದವನಂತೆ ತಲೆಯಾಡಿಸಿದೆ. ಕುಕ್ಕರ್ ಬಿದ್ದ ಸದ್ದು, ಮಗು ಅತ್ತ ಸದ್ದು, ಡ್ರಿಲ್ಲಿಂಗ್ ಸದ್ದು, ಹೀಗೆ ದಿನಕ್ಕೊಂದು ಸದ್ದನ್ನು ಸಣ್ಣ ಸ್ಪೀಕರಿನಲ್ಲಿ ಹಾಕಿ ಮರಿಗಳನ್ನು ಲೋಕಕ್ಕೆ ತಯಾರು ಮಾಡುತ್ತಾರಂತೆ. ನಾವು ಹೋದ ದಿನ ಹಾಕಿದ್ದು ಗಂಡಹೆಂಡತಿ ಜಗಳ.

"ಇದು ಎಲ್ಲಾ ಮನೇಲೂ ಬೇಕಾಗುತ್ತೆ," ಎಂದರು ಮೇಡಂ.

೩ (ಮತ್ತೆ)

(ಇಲ್ಲಿ ಏಳು ಮರಿಗಳ ಕಣ್ಣು, ಮೂಗು, ಅಂಗಾಲುಗಳ ಬಗ್ಗೆ ಒಂದು ಪುಟ ಇತ್ತು. ಓದಿದರೆ ನೀವು ಕರಗಿಹೋಗುತ್ತಿದ್ದಿರಿ. ಕಿತ್ತುಹಾಕಿದ್ದೇನೆ. ಮರಿ ತೋರಿಸಿ ಮನಸ್ಸು ಗೆಲ್ಲುವುದು ಅಂಗಡಿಯವರ ಕೆಲಸ. ತಳಿಯ ಹೆಸರನ್ನೂ ಹೇಳುವುದಿಲ್ಲ. ಹೇಳಿದರೆ ನಾಳೆ ಅದೇ ಬೇಕೆಂದು ಮಕ್ಕಳು ನಿಮ್ಮ ತಲೆ ತಿನ್ನುತ್ತವೆ.)

ನಾವು ಮರಿ ಆರಿಸುವಂತಿಲ್ಲ. ಯಾರ ಸ್ವಭಾವಕ್ಕೆ ಯಾವುದು ಎಂದು ಮೇಡಂ ತಾವೇ ಆರಿಸುತ್ತಾರೆ. ಹಸಿರು ದಾರದ ಮರಿಯನ್ನು ಮಗಳ ಮುಂದೆ ಬಿಟ್ಟರು. ಅದು ಅವಳ ಕಾಲ ಮೇಲೆ ಗದ್ದ ಇಟ್ಟು, ಎರಡು ಸಲ ಆಕಳಿಸಿ, ನಿದ್ದೆ ಹೋಯಿತು. ಮಗಳು ಉಸಿರು ಬಿಗಿಹಿಡಿದು ಕೂತಳು.

೪

ಅರ್ಜಿಯನ್ನು ಮೇಡಂ ಮೇಜಿನ ಮೇಲೆ ಹರಡಿದರು. ಪೆನ್ಸಿಲ್ ಹೊರಬಂತು.

"ಐದಕ್ಕೆ ಏಳ್ತೀರಾ ಸರ್?"

"ಅಂದ್ರೆ... ಸಾಮಾನ್ಯವಾಗಿ..."

"ಎಂಟೂವರೆ," ಎಂದಳು ಮಗಳು, ಮರಿಗೆ ಎಚ್ಚರವಾಗದ ಹಾಗೆ ಮೆಲ್ಲಗೆ.

"ಸಂಜೆ ಹಾಡ್ತೀರಾ?"

ಮಗಳು ಕಿಸಕ್ಕನೆ ನಕ್ಕಳು. ಮೇಡಂ ಎರಡೂ ಹಾಳೆಗಳ ಮೇಲೆ ಉದ್ದಕ್ಕೆ ಒಂದು ಗೆರೆ ಎಳೆದರು. ನನ್ನ ಬರಹವನ್ನು ಇಷ್ಟು ಚೊಕ್ಕವಾಗಿ ತಿದ್ದಿದವರು ಇನ್ನೊಬ್ಬರಿಲ್ಲ.

"ಹದಿನಾಲ್ಕು. ನಾಯಿ ಸಾಕಿಲ್ಲ. ಸರಿ. ಹದಿನೈದು: ಈಗ ಮನೇಲಿ ಬೇರೆ ಪ್ರಾಣಿ..."

"ಈಗ ಇಲ್ಲ ಆಂಟಿ," ಎಂದಳು ಮಗಳು. "ಆದ್ರೆ ಇನ್ನಾರು ತಿಂಗ್ಳಿಗೆ ಚಿಂದಿ ಬರ್ತಾನೆ. ಅವ್ನಿಗೆ ರಿಟೈರ್‌ಮೆಂಟ್. ಈ ಮರಿಗೂ ಅವ್ನಿಗೂ ಹೊಂದ್ಕೊಳ್ಳುತ್ತಾ ಅಂತ ಕೇಳೋಕೇ ನಾನು ಬಂದಿದ್ದು."

ಪೆನ್ಸಿಲ್ ನಿಂತಿತು.

"ಚಿಂದಿ ಯಾರು ಪುಟ್ಟಾ?"

"ನಮ್ಮ ನಾಯಿ. ಪೊಲೀಸ್ ಶ್ವಾನದಳದಲ್ಲಿದ್ದಾನೆ."

(ಸಂಪಾದಕರೇ, ಇಲ್ಲಿಂದ ಮುಂದೆ ಅಂಶಗಳು ಸ್ವಲ್ಪ ಕಡಿಮೆ ಸಿಗುತ್ತವೆ. ಕ್ಷಮಿಸಿ.)

೭

(ಐದು, ಆರನ್ನು ನಾನೇ ಹಾರಿಸಿದ್ದೇನೆ. ಮರಿಯ ಆಹಾರ, ಲಸಿಕೆಯ ಪಟ್ಟಿ ಅದರಲ್ಲಿತ್ತು. ಅದನ್ನು ನಿಮಗೆ ಯಾವ ಡಾಕ್ಟರಾದರೂ ಹೇಳುತ್ತಾರೆ. ಇದನ್ನು ನಾನೇ ಹೇಳಬೇಕು.)

ಏಳು ವರ್ಷದ ಹಿಂದೆ ನಮ್ಮ ಮನೆಯಲ್ಲಿ ಒಂದು ನಾಯಿ ಇತ್ತು. ಒಂದೂವರೆ ವರ್ಷದ್ದು. ಬೀದಿಯಲ್ಲಿ ಸಿಕ್ಕಿದ್ದು, ಯಾವ ತಳಿಗೂ ಸೇರದ್ದು. ಒಂದು ಕಿವಿ ನಿಂತಿರುತ್ತಿತ್ತು, ಒಂದು ಬಿದ್ದಿರುತ್ತಿತ್ತು. ಕರ್ಟನ್, ದಿಂಬು, ನನ್ನ ಕಾದಂಬರಿಯ ಮೊದಲ ಮೂರು ಅಧ್ಯಾಯ, ಏನು ಸಿಕ್ಕಿದರೂ ಚಿಂದಿ ಮಾಡುತ್ತಿತ್ತು. ಅದೇ ಹೆಸರಾಯಿತು. ಮಗಳಿಗೆ ಆಗ ಮೂರು ವರ್ಷ. ಅವಳು ಓಡಲು ಕಲಿತದ್ದು ಅವನ ಬೆನ್ನಟ್ಟಿಕೊಂಡು.

ಮನೆ ಮಾಲೀಕರು ನಾಯಿ ಬೇಕೋ, ಮನೆ ಬೇಕೋ ನೋಡಿಕೊಳ್ಳಿ ಎಂದರು. ಬೇರೆ ಮನೆ ಹುಡುಕಬಹುದಿತ್ತು. ನಾನು ಹುಡುಕಲಿಲ್ಲ. ಹುಡುಕಿದೆ ಎಂದು ಹೆಂಡತಿಗೆ ಹೇಳಿದೆ. ಆನ್‌ಲೈನಿನಲ್ಲಿ ಎರಡು ಸಾಲು ಹಾಕಿದೆ: ಒಳ್ಳೆಯ ಮನೆಗೆ ಉಚಿತ. ಮೊದಲು ಫೋನ್ ಮಾಡಿದವನಿಗೆ ಬರಹೇಳಿದೆ. ಫರ್ನಿಚರ್ ಅಂಗಡಿಯ ಮುಂದೆ ಮಧ್ಯಾಹ್ನ ಅವನು ಸ್ಕೂಟರಿನಲ್ಲಿ ಬಂದ. ಹಗ್ಗ ತಂದಿದ್ದ. ಎರಡು ನಿಮಿಷದ ಕೆಲಸ. ಅವನ ಹೆಸರು ಕೇಳಲಿಲ್ಲ. ಎಲ್ಲಿರುತ್ತಾನೆ ಎಂದೂ ಕೇಳಲಿಲ್ಲ. ಆಮೇಲೆ ಫೋನ್ ಹಾಳಾಯಿತು, ನಂಬರೂ ಹೋಯಿತು. (ಹಾಳಾಗಲಿಲ್ಲ. ನಾನೇ ನಂಬರ್ ಅಳಿಸಿದೆ. ಕಥೆಯಲ್ಲಾದರೂ ನಿಜ ಬರೆಯೋಣ.)

ಸಂಜೆ ಮಗಳು ಬಾಗಿಲ ಹತ್ತಿರ ಕೂತು ಚಿಂದಿ ಎಲ್ಲಿ ಎಂದಳು. ಅವನ ಮೂಗು ಬಹಳ ಚುರುಕು ಅಂತ ಪೊಲೀಸರು ಕೆಲಸಕ್ಕೆ ತಗೊಂಡಿದ್ದಾರೆ ಎಂದೆ. ಅವಳ ಮುಖ ಅರಳಿತು. ಆ ಒಂದು ಕ್ಷಣಕ್ಕಾಗಿ ನಾನು ಏಳು ವರ್ಷ ರೈಲು ಬಿಟ್ಟೆ. ವಾರಕ್ಕೊಂದು ಕಂತು. ಚಿಂದಿ ಕಳ್ಳರನ್ನು ಹಿಡಿದ. ಚಿಂದಿಗೆ ಪ್ರಮೋಷನ್ ಆಯಿತು. ನೋಡಿಕೊಂಡು ಬರೋಣ ಎಂದು ಮಗಳು ಹಟ ಹಿಡಿದಾಗಲೆಲ್ಲ ಚಿಂದಿಗೆ ಟ್ರಾನ್ಸ್‌ಫರ್ ಆಯಿತು. ಇಲಾಖೆಯಲ್ಲಿ ಅಷ್ಟು ವರ್ಗಾವಣೆ ಕಂಡ ಪ್ರಾಣಿ ಇನ್ನೊಂದಿರಲಾರದು. ಕಥೆಗೆ ಸ್ವಲ್ಪ ತೂಕ ಬರಲಿ ಎಂದು ಮೂರನೆಯದೋ ನಾಲ್ಕನೆಯದೋ ಕಂತಿನಲ್ಲಿ ಒಂದು ಮಾತು ಸೇರಿಸಿದ್ದೆ: ನಾಯಿಗಳಿಗೆ ಒಂಬತ್ತಕ್ಕೆ ನಿವೃತ್ತಿ, ಆಮೇಲೆ ಅವರವರ ಮನೆಗೇ ಕಳಿಸುತ್ತಾರೆ.

ನಾನು ಮರೆತೆ. ಅವಳು ಲೆಕ್ಕ ಇಟ್ಟಿದ್ದಳು. ಈ ವರ್ಷ ಮರಿ ತರೋಣ ಎಂದು ನಾನು ಅವಸರಪಟ್ಟದ್ದೂ ಇದಕ್ಕೇ, ಹೊಸದು ಬಂದರೆ ಹಳೆಯದು ಮರೆತೀತು ಎಂದು.

(ನನ್ನ ಓದುಗರು ಯಾರೂ ನನ್ನನ್ನು ಇಷ್ಟು ಗಮನವಿಟ್ಟು ಓದಿಲ್ಲ.)

೮

"ಶ್ವಾನದಳಕ್ಕೆ ಇಲ್ಲಿಂದ ಆರು ಮರಿ ಹೋಗಿವೆ," ಎಂದರು ಮೇಡಂ, ನನ್ನ ಮುಖವನ್ನೇ ನೋಡುತ್ತಾ. "ಟ್ರೇನರ್‌ಗಳೆಲ್ಲ ಗೊತ್ತು. ನಿಮ್ಮ ಚಿಂದಿ ಹೇಗಿದ್ದಾನೆ ಪುಟ್ಟಾ?"

"ಒಂದು ಕಿವಿ ನಿಂತಿರುತ್ತೆ, ಒಂದು ಬಿದ್ದಿರುತ್ತೆ. ತಳಿ ಗೊತ್ತಿಲ್ಲ."

ಮೇಡಂ ಪೆನ್ಸಿಲನ್ನು ಜೇಬಿಗಿಟ್ಟರು. ಆಮೇಲೆ ಮಗಳಿಗೆ, "ಮರಿಗಳ ಹಾಲಿನ ತಟ್ಟೆ ತೊಳ್ಕೊಂಡು ಬರ್ತೀಯಾ?" ಎಂದರು. ಅವಳು ಹಸಿರು ದಾರದ ಮರಿಯ ಗದ್ದವನ್ನು ಎರಡೂ ಕೈಯಲ್ಲಿ ಎತ್ತಿ, ಟವೆಲ್ ಮೇಲಿಟ್ಟು, ತುದಿಗಾಲಲ್ಲಿ ಹೋದಳು.

"ಎಲ್ಲಿದೆ ನಾಯಿ?"

ಹೇಳಿದೆ. ಹೇಳಲು ಸ್ಕೂಟರ್ ಬಂದು ಹೋದಷ್ಟು ಹೊತ್ತೂ ಹಿಡಿಯಲಿಲ್ಲ. ಬೈಯುತ್ತಾರೆ ಎಂದು ಕಾದೆ. ಅವರು ಕರಾರುಪತ್ರ ತೆಗೆದು ಕೊನೆಯ ಕಲಮಿನ ಮೇಲೆ ಬೆರಳಿಟ್ಟರು: ಯಾವ ವಯಸ್ಸಿನಲ್ಲೇ ಆಗಲಿ, ಯಾವ ಕಾರಣಕ್ಕೇ ಆಗಲಿ ಸಾಕಲು ಆಗದಿದ್ದರೆ ನಾಯಿ ನನ್ನ ಬಳಿಗೇ ಮರಳತಕ್ಕದ್ದು. ಕಾರಣ ಕೇಳುವುದಿಲ್ಲ.

"ಕೊಟ್ಟಿದ್ದಕ್ಕೆ ನಾನೇನೂ ಅನ್ನಲ್ಲ ಸರ್. ತಾಪತ್ರಯ ಎಲ್ರ ಮನೇಲೂ ಇರುತ್ತೆ. ಯಾರಿಗೆ ಅಂತ ಕೇಳ್ಲಿಲ್ವಲ್ಲ ನೀವು. ನಾನು ಮೂವತ್ತೊಂದು ಕೇಳ್ತೀನಿ. ನಿಮಗೆ ಒಂದೂ ಕೇಳ್ಬೇಕು ಅನ್ನಿಸ್ಲಿಲ್ವಾ?"

ನಾಚಿಕೆಯಾಯಿತು. ಇದಕ್ಕೆ ತಮಾಷೆಯ ಸಾಲೊಂದನ್ನು ಹುಡುಕಿದೆ, ಸಿಗಲಿಲ್ಲ.

"ಹಸಿರು ದಾರದ್ದನ್ನ ಹದಿನೈದು ದಿನ ಯಾರಿಗೂ ಕೊಡಲ್ಲ. ಹದಿನಾಲ್ಕನೇ ಪ್ರಶ್ನೆ ಸರಿಯಾಗಿ ತುಂಬಿಸ್ಕೊಂಡು ಬನ್ನಿ. ತುಂಬಿಸೋವಾಗ ಆ ಹುಡುಗಿ ಪಕ್ಕದಲ್ಲಿರ್ಲಿ."

ಖಾಲಿ ಅರ್ಜಿಯೊಂದನ್ನು ಮಡಿಚಿ ಕೈಗಿತ್ತರು.

೯

ಈಗ ಮುಕ್ತಾಯಗಳು. ನಿಮಗೆ ಬೇಕಾದ್ದನ್ನು ಆರಿಸಿಕೊಳ್ಳಬಹುದು. (ನಾಯಿ ಆರಿಸುವುದಕ್ಕಿಂತ ಇದು ಸುಲಭ, ಯಾರೂ ಎಕ್ಸ್‌ರೇ ಕೇಳುವುದಿಲ್ಲ.)

ಮುಕ್ತಾಯ ಅ: ಚಿಂದಿ ಕರ್ತವ್ಯದಲ್ಲಿದ್ದಾಗಲೇ ವೀರಮರಣ ಹೊಂದುತ್ತಾನೆ. ಇಪ್ಪತ್ತೊಂದು ಗುಂಡಿನ ಗೌರವ. ಮಗಳು ಅಳುತ್ತಾಳೆ, ಹೆಮ್ಮೆಪಡುತ್ತಾಳೆ, ಮರಿ ಬರುತ್ತದೆ, ನಾನು ಬಚಾವ್.

"ಇದನ್ನ ಅವಳಿಗೆ ಹೇಳಿದ್ರೆ ನೋಡಿ," ಎಂದಿದ್ದಳು ಹೆಂಡತಿ, ಆ ಶನಿವಾರ ರಾತ್ರಿ ಇದನ್ನು ಕೇಳಿ. "ನಾನು ಈ ಕಥೆಯಿಂದ ಅಷ್ಟೇ ಅಲ್ಲ, ಮನೆಯಿಂದ್ಲೂ ಹೊರಗೆ ಹೋಗ್ತೀನಿ. ಅಥ್ವಾ ನೀವು ಹೋಗ್ತೀರಿ. ಅದೇ ಸರಿ, ನೀವೇ ಹೋಗಿ."

ಮುಕ್ತಾಯ ಆ: ಆ ಸ್ಕೂಟರಿನವನು ಬ್ರೀಡರ್ ಮೇಡಂನ ತಮ್ಮ. ಹಿತ್ತಲ ಬಾಗಿಲು ತೆರೆಯುತ್ತದೆ, ಒಂದು ಕಿವಿ ನಿಂತ, ಒಂದು ಕಿವಿ ಬಿದ್ದ ನಾಯಿ ಓಡಿ ಬರುತ್ತದೆ. (ನೀವು ಇದಕ್ಕೇ ಕಾಯುತ್ತಿದ್ದಿರಿ, ನನಗೆ ಗೊತ್ತು. ನಾನೂ ಕಾದೆ. ಮೇಡಂಗೆ ತಮ್ಮನಿಲ್ಲ.)

ಮುಕ್ತಾಯ ಇ: ಮಗಳಿಗೆ ಮೊದಲಿನಿಂದಲೂ ಎಲ್ಲ ಗೊತ್ತಿತ್ತು, ಅಪ್ಪನ ಮನಸ್ಸು ನೋಯದಿರಲೆಂದು ನಂಬಿದಂತೆ ನಟಿಸುತ್ತಿದ್ದಳು. ಇದು ಬಹಳ ಚೆನ್ನಾಗಿದೆ. ಅಪ್ಪಂದಿರೇ ಬರೆಯುವಂಥದ್ದು.

ಅವಳಿಗೆ ಗೊತ್ತಿರಲಿಲ್ಲ. ಭಾನುವಾರ ಮಧ್ಯಾಹ್ನ ಊಟದ ಮೇಜಿನ ಮೇಲೆ ಅವಳು ಒಂದು ಲಕೋಟೆಗೆ ಅಂಟು ಹಚ್ಚುತ್ತಿದ್ದಳು. "ಮಾನ್ಯರೇ, ನಮ್ಮ ನಾಯಿ ಚಿಂದಿಯನ್ನು ನಿವೃತ್ತಿಯಾದ ಕೂಡಲೇ ಬೇರೆ ಯಾರಿಗೂ ಕೊಡದೆ ನಮಗೇ ಕಳುಹಿಸಬೇಕಾಗಿ ವಿನಂತಿ. ಮಂಡಿಗೆ ಏಟಾಗಿರುವುದರಿಂದ ಅವನನ್ನು ಮೆಟ್ಟಿಲು ಹತ್ತಿಸಬಾರದು." ಮಂಡಿಯ ಏಟು ನನ್ನದೇ ಕಂತು, ಹೋದ ವರ್ಷದ್ದು.

ನಾನು ಎದುರು ಕೂತು ಹೇಳಿದೆ. ಒಂಬತ್ತನೆಯ ಪ್ರಶ್ನೆಗೆ ಎರಡು ಹಾಳೆ ಬರೆದವನು ನಾನು. ಇದಕ್ಕೆ ನಾಲ್ಕು ವಾಕ್ಯ ಸಾಕಾಯಿತು.

"ಪ್ರಮೋಷನ್?" ಎಂದಳು.

"ಸುಳ್ಳು."

"ಬ್ಯಾಂಕಲ್ಲಿ ಕಳ್ಳನ್ನ ಹಿಡಿದಿದ್ದು?"

"ಅದೂ ಸುಳ್ಳು."

"ಮಂಡಿಗೆ ಏಟಾಗಿದ್ದು?"

"ಸುಳ್ಳು ಮಗಾ."

"ನಾನು ಅವತ್ತು ಊಟ ಮಾಡ್ಲಿಲ್ಲ ಅಪ್ಪ."

ನನಗೆ ಅದು ನೆನಪಿತ್ತು. ಆವತ್ತು ಅವಳ ಮುಚ್ಚಿದ ಬಾಗಿಲ ಹೊರಗೆ ನಿಂತು, ಕಂತು ಚೆನ್ನಾಗಿ ಬಂತು ಎಂದುಕೊಂಡಿದ್ದೆ.

ಅವಳು ಲಕೋಟೆಯ ಅಂಚನ್ನು ಬೆರಳಲ್ಲಿ ಒತ್ತುತ್ತಾ ಕೇಳಿದಳು, "ಸ್ಕೂಟರಲ್ಲಿ ಹೋಗೋವಾಗ ಅವ್ನು ತಿರುಗಿ ನೋಡಿದ್ನಾ?"

ಈ ಕಥೆಯ ಹಳೆಯ ಪ್ರತಿಗಳಲ್ಲೆಲ್ಲ ಚಿಂದಿ ತಿರುಗಿ ನೋಡುತ್ತಾನೆ. ಒಂದರಲ್ಲಿ ಒಂದು ಸಲ, ಇನ್ನೊಂದರಲ್ಲಿ ರಸ್ತೆಯ ತಿರುವಿನವರೆಗೂ.

"ನಾನು ನೋಡ್ಲಿಲ್ಲ," ಎಂದೆ. "ನಾಯಿ ಹೋಯ್ತು ಅಂತ ಮನೆ ಮಾಲೀಕರಿಗೆ ಫೋನ್ ಮಾಡ್ತಿದ್ದೆ."

ಅವಳು ಎದ್ದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಆರು ದಿನ ನನ್ನೊಡನೆ ಮಾತು ಬಿಟ್ಟಳು. "ಉಪ್ಪು ಈ ಕಡೆ ಕೊಡೋಕೆ ಹೇಳಮ್ಮ," ಎನ್ನುತ್ತಿದ್ದಳು, ನಾನು ಎದುರಿಗೇ ಕೂತಿರುವಾಗ. ಹೆಂಡತಿಯೂ ಒಂದೇ ಒಂದು ಮಾತು ಕೇಳಿದಳು, "ಬೇರೆ ಮನೆ ಹುಡುಕಿದ್ದೂ ಸುಳ್ಳಾ?" ನಾನು ಹೌದೆಂದು ತಲೆಯಾಡಿಸಿದೆ. ಆ ವಾರವೆಲ್ಲ ಅವಳು ಲ್ಯಾಬಿನಿಂದ ತಡವಾಗಿ ಬಂದಳು.

ಏಳನೆಯ ದಿನ ಸಂಜೆ ಮಗಳು ಖಾಲಿ ಅರ್ಜಿ ತಂದು ನನ್ನ ಕೀಬೋರ್ಡಿನ ಮೇಲಿಟ್ಟಳು. ಹದಿನಾಲ್ಕನೆಯ ಪ್ರಶ್ನೆಯನ್ನು ತಾನೇ ತುಂಬಿಸಿದ್ದಳು, ದುಂಡಗಿನ ಅಕ್ಷರಗಳಲ್ಲಿ: ಸಾಕಿದ್ದೆವು. ಎಲ್ಲಿದೆ ಗೊತ್ತಿಲ್ಲ. ಹುಡುಕುತ್ತಿದ್ದೇವೆ.

"ಹುಡುಕ್ತಿಲ್ವಲ್ಲ ನಾವು," ಎಂದೆ.

"ಹುಡುಕು. ಇಲ್ದಿದ್ರೆ ಇದೂ ಸುಳ್ಳಾಗುತ್ತೆ."

೧೦

ಸಂಪಾದಕರು ಈಗತಾನೇ ಫೋನ್ ಮಾಡಿದ್ದರು. "ಎಂಟುನೂರು ಎಂದೋ ದಾಟಿದೆ. ಏನ್ ಸರ್ ಇದು, ಲೇಖನಾನಾ, ಕಥೇನಾ?"

"ಜಾಹೀರಾತು ಅಂತ ಹಾಕ್ಕೊಳ್ಳಿ," ಎಂದೆ.

ನೀವು ಇಷ್ಟು ಹೊತ್ತು ಓದಿದ್ದು ಅದನ್ನೇ. ನಿಮ್ಮನ್ನು ಮರಿ ತೋರಿಸಿ ಇಲ್ಲಿವರೆಗೆ ಕರೆತಂದದ್ದಕ್ಕೆ ಬೇಕಾದರೆ ಬೈಯಿರಿ. ನಾಯಿ ಸಾಕುವವರು ಓದುವ ಪತ್ರಿಕೆ ಇದು. ಆ ಸ್ಕೂಟರಿನವನು ಒಳ್ಳೆಯವನಾಗಿದ್ದರೆ ಇದನ್ನು ಓದುತ್ತಿರಬಹುದು. ಒಳ್ಳೆಯವನಾಗಿರಲಿ ಎಂದು ಏಳು ವರ್ಷದಲ್ಲಿ ಮೊದಲ ಸಲ ನಿಜವಾಗಿ ಬಯಸುತ್ತಿದ್ದೇನೆ.

ಜಾಹೀರಾತಿನ ಸಾಲುಗಳನ್ನು ಮೂವರೂ ಸೇರಿ ತಿದ್ದಿದೆವು. ನಾನು "ಕಂದು ಬಣ್ಣದ, ಬಲಗಿವಿ ಬಿದ್ದ ನಾಯಿ" ಎಂದು ಬರೆದೆ. "ಎಡಗಿವಿ," ಎಂದಳು ಹೆಂಡತಿ. "ಮತ್ತೆ ಕೆಳಗಡೆ ಬಲಗೋರೆ ಹಲ್ಲಿನ ತುದಿ ಮುರಿದಿತ್ತು, ಅದನ್ನ ಹಾಕಿ. ಕಿವಿ ಬೇಕಾದಷ್ಟು ನಾಯಿಗಳಿಗೆ ಬೀಳುತ್ತೆ. ಹಲ್ಲು ಒಂದರ ಹಾಗೆ ಇನ್ನೊಂದಿರಲ್ಲ." ಏಳು ವರ್ಷ ಅವಳು ಆ ಹಲ್ಲನ್ನು ನೆನಪಿಟ್ಟುಕೊಂಡಿದ್ದಳು, ನನಗೆ ಹೇಳಿರಲಿಲ್ಲ.

"ಈಗ ಮೂತಿ ಬೆಳ್ಳಗಾಗಿರುತ್ತೆ, ಅದನ್ನೂ ಬರಿ," ಎಂದಳು ಮಗಳು, ನೇರವಾಗಿ ನನಗೇ. "ಅವ್ರು ಬೇರೆ ಹೆಸರಿಟ್ಟಿರ್ತಾರೆ. ನಾವು ವಾಪಸ್ ಕೇಳಲ್ಲ ಅಂತಾನೂ ಬರಿ. ಇಲ್ದಿದ್ರೆ ಫೋನೇ ಮಾಡಲ್ಲ ಅವ್ರು."

"ಕೇಳಲ್ವಾ ನಾವು?" ಎಂದೆ.

ಅವಳು ಹಾಳೆಯನ್ನು ತನ್ನ ಕಡೆ ಎಳೆದುಕೊಂಡಳು. "ಇದ್ದಾನಾ ಅಂತ ಅಷ್ಟೇ ಕೇಳೋಣ."

ಹಾಗೆಯೇ ಬರೆದಿದ್ದೇನೆ. ವಾಪಸ್ ಕೇಳುವುದಿಲ್ಲ. ಇದ್ದಾನಾ, ಅಷ್ಟೇ. ಇಲ್ಲ ಎಂದರೂ ಹೇಳಿ, ಅದನ್ನೂ ಅವಳಿಗೆ ನಾನೇ ತಿಳಿಸುತ್ತೇನೆ, ಹೇಗಿದೆಯೋ ಹಾಗೆಯೇ.

ಪತ್ರಿಕೆ ಅಚ್ಚಾಗುವ ಹೊತ್ತಿಗೆ ಮೇಡಂ ಕೊಟ್ಟ ಹದಿನೈದು ದಿನ ಮುಗಿದಿರುತ್ತದೆ. ಹಸಿರು ದಾರದ ಮರಿ ನಮ್ಮ ಮನೆಗೆ ಬಂತೇ ಎಂದು ನೀವು ಕೇಳಬಹುದು. ಅದು ನಿಮಗೆ ಬಿಟ್ಟ ವಿಷಯವಲ್ಲ, ನನಗೂ ಬಿಟ್ಟದ್ದಲ್ಲ. ಅರ್ಜಿ ಮೇಡಂ ಕೈ ಸೇರಿದೆ, ತೀರ್ಮಾನ ಅವರದು. ಸಂಪಾದಕರು ಹತ್ತು ಅಂಶ ಕೇಳಿದ್ದರು. ಈ ಹತ್ತನೆಯದನ್ನು ಸ್ಕೂಟರಿನವರು ಪೂರ್ತಿ ಮಾಡಲಿ ಎಂದು ಕೆಳಗೆ ಜಾಗ ಬಿಟ್ಟಿದ್ದೇನೆ. ನಮ್ಮ ಮನೆಯ ನಂಬರು ಪತ್ರಿಕೆಯ ಆಫೀಸಿನಲ್ಲಿದೆ. ಫೋನ್ ನಾನು ಎತ್ತುವುದಿಲ್ಲ. ಮಗಳು ಎತ್ತುತ್ತಾಳೆ. ಅವಳ ಹತ್ತಿರ ಪ್ರಶ್ನೆಗಳಿವೆ. ನಿನ್ನೆ ಎಣಿಸಿದಾಗ ಮೂವತ್ತೆರಡಾಗಿದ್ದವು.